ಸಂಚಾರ ದತ್ತಾಂಶ ಮತ್ತು ರಸ್ತೆ ದಟ್ಟಣೆ

ಒಂದು ರಸ್ತೆಯಲ್ಲಿ ಯಾವ ಹೊತ್ತಿಗೆ ಎಷ್ಟು ವಾಹನಗಳು ಓಡುತ್ತವೆ, ಅವು ಯಾವ ಬಗೆಯವು, ಎಷ್ಟು ವೇಗದಲ್ಲಿವೆ, ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿವೆ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತವೆ ಎಂಬ ಲೆಕ್ಕವೆಲ್ಲ ಸೇರಿ ಸಂಚಾರ ದತ್ತಾಂಶ ಎನಿಸಿಕೊಳ್ಳುತ್ತದೆ. ಸಿಗ್ನಲ್ ದೀಪಗಳಿಗೆ ಸಮಯ ಹಂಚುವುದು, ಕೆಟ್ಟುನಿಂತ ಲಾರಿಯನ್ನು ಬೇಗ ತೆರವು ಮಾಡುವುದು, ಚಾಲಕರಿಗೆ ಬೇರೆ ದಾರಿ ತೋರಿಸುವುದು, ಬಸ್ಸಿಗೆ ಪ್ರತ್ಯೇಕ ಪಥ ಬಿಡುವುದು, ದಟ್ಟಣೆಯ ಹೊತ್ತಿನಲ್ಲಿ ಶುಲ್ಕ ವಿಧಿಸುವುದು, ಇವಕ್ಕೆಲ್ಲ ಈ ಲೆಕ್ಕವೇ ಆಧಾರ. ರಸ್ತೆ ಅಗಲಿಸಲು ಜಾಗವಿಲ್ಲದ ನಗರಗಳು ಇರುವ ರಸ್ತೆಯನ್ನೇ ಸರಿಯಾಗಿ ಬಳಸಲು ಇದರ ಮೊರೆಹೋಗಿವೆ. ಇದರಿಂದ ಆಗುವ ಪ್ರಯೋಜನ ದೊಡ್ಡದು, ಅದಕ್ಕೊಂದು ಮಿತಿಯೂ ಉಂಟು. ಎಣಿಸಲು ಕೂತವರು ಏನನ್ನು ಎಣಿಸುತ್ತಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂಬುದನ್ನು ನೋಡದೆ ಈ ಎರಡನ್ನೂ ಅಳೆಯಲಾಗದು.

ಹರಿವು, ಸಾಂದ್ರತೆ, ವೇಗ

ಸಂಚಾರ ಎಂಜಿನಿಯರುಗಳ ಲೆಕ್ಕ ಮೂರು ಅಳತೆಗಳ ಮೇಲೆ ನಿಂತಿದೆ. ಒಂದು ಗೆರೆಯನ್ನು ಗಂಟೆಗೆ ಎಷ್ಟು ವಾಹನ ದಾಟಿದವು ಎಂಬುದು ಹರಿವು. ಒಂದು ಕಿಲೋಮೀಟರ್ ಉದ್ದದಲ್ಲಿ ಆ ಕ್ಷಣಕ್ಕೆ ಎಷ್ಟು ವಾಹನ ಇವೆ ಎಂಬುದು ಸಾಂದ್ರತೆ. ಮೂರನೆಯದು ವೇಗ. ಸಾಂದ್ರತೆಯನ್ನು ವೇಗದಿಂದ ಗುಣಿಸಿದರೆ ಹರಿವು ಬರುತ್ತದೆ. ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ 1930ರ ದಶಕದಲ್ಲಿ ಓಹಾಯೊದ ರಸ್ತೆಬದಿಯಲ್ಲಿ ಚಲನಚಿತ್ರ ಕ್ಯಾಮರಾ ನಿಲ್ಲಿಸಿ, ಗೊತ್ತಾದ ಅಂತರದಲ್ಲಿ ಚಿತ್ರ ತೆಗೆದು, ಎರಡು ಚಿತ್ರಗಳ ನಡುವೆ ಪ್ರತಿ ಕಾರು ಎಷ್ಟು ಮುಂದೆ ಸರಿದಿದೆ ಎಂದು ಅಳೆದರು. ರಸ್ತೆ ತುಂಬುತ್ತ ಹೋದಂತೆ ವೇಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಇಳಿಯುತ್ತದೆ ಎಂಬುದು ಅವರು 1935ರಲ್ಲಿ ಪ್ರಕಟಿಸಿದ ಫಲಿತಾಂಶ. ನಂತರದವರು ಆ ಗೆರೆಯನ್ನು ಬಗ್ಗಿಸಿದರು, ತುಂಡರಿಸಿದರು. ಮೂಲ ತಿಳಿವಳಿಕೆ ಮಾತ್ರ ಉಳಿದುಕೊಂಡಿತು.

ಆ ತಿಳಿವಳಿಕೆಯಲ್ಲಿ ಒಂದು ಸಿಕ್ಕು ಇದೆ. ಖಾಲಿ ರಸ್ತೆಗೆ ವಾಹನ ಸೇರುತ್ತ ಹೋದರೆ ಹರಿವು ಏರುತ್ತದೆ, ಒಂದು ಗರಿಷ್ಠ ಮಟ್ಟ ಮುಟ್ಟುತ್ತದೆ, ಅಲ್ಲಿಂದಾಚೆಗೆ ಇನ್ನಷ್ಟು ವಾಹನ ಸೇರಿದರೆ ಹರಿವೇ ಕುಸಿಯುತ್ತದೆ. ತೀರಾ ಬೇಕಾದ ಹೊತ್ತಿನಲ್ಲೇ ರಸ್ತೆ ತನ್ನ ಸಾಮರ್ಥ್ಯಕ್ಕಿಂತ ಕಡಿಮೆ ಜನರನ್ನು ದಾಟಿಸುತ್ತದೆ. ಬರೀ ಎಣಿಕೆಯಿಂದ ಇದು ಗೊತ್ತಾಗುವುದಿಲ್ಲ. ಬೆಳಗಿನ 6 ಗಂಟೆಯ ಸಲೀಸು ಓಟದಲ್ಲೂ 9 ಗಂಟೆಯ ತೆವಳುವಿಕೆಯಲ್ಲೂ ಎಣಿಸುವವನ ಹಾಳೆಯಲ್ಲಿ ಒಂದೇ ಸಂಖ್ಯೆ ಬೀಳಬಹುದು. ಹಾಳೆಯನ್ನು ನೋಡಿ 'ಈ ರಸ್ತೆಯಲ್ಲಿ ಅಷ್ಟೇನೂ ವಾಹನ ಇಲ್ಲ' ಎಂದು ತೀರ್ಮಾನಿಸುವ ಅಪಾಯ ಇದೆ. ಆದ್ದರಿಂದಲೇ ಹರಿವಿನ ಜೊತೆಗೆ ವೇಗವನ್ನೋ ಸಾಂದ್ರತೆಯನ್ನೋ ಅಳೆಯಬೇಕು.

ಜಾಮ್ ಆಗಲು ಕಾರಣವೇ ಬೇಕಿಲ್ಲ ಎಂಬುದನ್ನು ಜಪಾನಿನ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ತೋರಿಸಿಕೊಟ್ಟರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡಿಸುತ್ತಿರಿ ಎಂದಷ್ಟೇ ಹೇಳಿದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ದನವೂ ಇಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ತುಸು ಬ್ರೇಕ್ ಒತ್ತಿದ್ದು ಹಿಂದಿನವರಲ್ಲಿ ದೊಡ್ಡದಾಗುತ್ತ ಹೋಗಿ, ನಿಂತು ಹೊರಡುವ ಒಂದು ಅಲೆ ವೃತ್ತದಲ್ಲಿ ಹಿಮ್ಮುಖವಾಗಿ ಸುತ್ತತೊಡಗಿತು. ಮೇಲ್ಸೇತುವೆ ಇಳಿಯುವಲ್ಲಿ ಏಕೆ ನಿಂತೆವು, ಏಕೆ ಮತ್ತೆ ಹೊರಟೆವು ಎಂದು ತಿಳಿಯದೆ ತಲೆ ಕೆರೆದುಕೊಂಡವರು ಇಂಥದೊಂದು ಅಲೆಯೊಳಗೆ ಸಿಕ್ಕಿ ಹೊರಬಂದಿರುತ್ತಾರೆ.

ಲೆಕ್ಕ ಹಿಡಿಯುವ ಬಗೆಗಳು

ಅತ್ಯಂತ ಹಳೆಯ ಉಪಕರಣ ಮನುಷ್ಯನ ಕಣ್ಣು, ಅದು ಇಂದಿಗೂ ಬಳಕೆಯಲ್ಲಿದೆ. ಜಂಕ್ಷನ್ನಿನ ಪ್ರತಿ ತೋಳಿಗೆ ಒಬ್ಬಿಬ್ಬರು, ಮಡಿಲಲ್ಲಿ ರಟ್ಟು, ರಟ್ಟಿಗೆ ಕ್ಲಿಪ್ ಹಾಕಿದ ಹಾಳೆ. ಹಾಳೆಯಲ್ಲಿ ದ್ವಿಚಕ್ರ, ಆಟೊ, ಕಾರು, ಮಿನಿ ಬಸ್, ಬಸ್, ಎರಡು ಆಕ್ಸಲ್ ಲಾರಿ, ಸೈಕಲ್, ಎಳೆಗಾಡಿ ಎಂದು ಕಂಬಸಾಲು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆಯುವುದು. 15 ನಿಮಿಷಕ್ಕೊಮ್ಮೆ ಸಾಲು ಬದಲಾಯಿಸುವುದು. ಎಡಕ್ಕೆ, ಬಲಕ್ಕೆ, ನೇರಕ್ಕೆ ಹೋದವುಗಳ ಲೆಕ್ಕ ಬೇರೆಬೇರೆ. ಹಸಿರು ಬಿದ್ದೊಡನೆ ಮೂವತ್ತು ನಲವತ್ತು ಬೈಕುಗಳು ಒಮ್ಮೆಗೇ ನುಗ್ಗಿದಾಗ ಗೀಟು ಎಳೆಯುವವರು ಅಂದಾಜಿನ ಮೇಲೆ ಹೋಗುತ್ತಾರೆ. ನಗರಗಳ ಎಷ್ಟೋ ಸಂಚಾರ ಯೋಜನೆಗಳು ಒಂದೆರಡು ದಿನದ ಇಂಥ ಎಣಿಕೆಯ ಮೇಲೆ ನಿಂತಿವೆ. ಎಣಿಸಿದ್ದು ಶಾಲಾ ರಜೆಯಲ್ಲೋ ಮದುವೆಯ ಸೀಸನ್ನಿನಲ್ಲೋ ಎಂದು ವರದಿಯ ಕೊನೆಯ ಪುಟ ನೋಡಿಯೇ ತಿಳಿಯಬೇಕು.

ಯಂತ್ರಗಳ ಸರದಿ ರಸ್ತೆಗೆ ಅಡ್ಡಲಾಗಿ ಹಾಸುವ ರಬ್ಬರ್ ನಳಿಗೆಯಿಂದ ಆರಂಭವಾಯಿತು. ಚಕ್ರ ಹತ್ತಿದಾಗ ನಳಿಗೆಯೊಳಗಿನ ಗಾಳಿ ಒತ್ತಿ ಎಣಿಕೆ ಬೀಳುತ್ತದೆ. ಆಮೇಲೆ ಬಂದದ್ದು ಡಾಂಬರಿನೊಳಗೆ ಹೂಳುವ ತಂತಿಯ ಸುರುಳಿ. ಲೋಹದ ವಾಹನ ಮೇಲೆ ಬಂದಾಗ ಸುರುಳಿಯ ವಿದ್ಯುತ್ ಗುಣ ಬದಲಾಗುತ್ತದೆ, ಸಿಗ್ನಲ್ ಪೆಟ್ಟಿಗೆಗೆ ಸುದ್ದಿ ಹೋಗುತ್ತದೆ. ಪಥ ಬಿಟ್ಟು ಕದಲದ ಕಾರುಗಳಿರುವ ದೇಶಗಳಲ್ಲಿ ಇದು ದಶಕಗಳ ಕಾಲ ಚೆನ್ನಾಗಿ ದುಡಿದಿದೆ. ಭಾರತದಲ್ಲಿ ಮೂರು ಪಥದ ಅಗಲದಲ್ಲಿ ಐದು ಸಾಲು ನಿಲ್ಲುತ್ತವೆ, ಎರಡು ಸುರುಳಿಗಳ ನಡುವೆ ಸ್ಕೂಟರ್ ನುಸುಳುತ್ತದೆ. ಮೇಲಾಗಿ ನೀರಿನ ಪೈಪಿಗೋ ಕೇಬಲಿಗೋ ರಸ್ತೆ ಅಗೆದಾಗ ಸುರುಳಿ ಮೊದಲು ತುಂಡಾಗುತ್ತದೆ. ಹಾಗಾಗಿ ಇಲ್ಲಿ ಕಂಬದ ಮೇಲಿನ ಕ್ಯಾಮರಾ, ರೇಡಾರ್, ನಂಬರ್ ಪ್ಲೇಟ್ ಓದುವ ತಂತ್ರಾಂಶಗಳೇ ಹೆಚ್ಚು ಊರಿಕೊಂಡಿವೆ. ಟೋಲ್‌ಗಳಲ್ಲಿ 2021ರ ಫೆಬ್ರುವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಕೂಡ ಹಣದ ಲೆಕ್ಕದ ಜೊತೆಗೆ ಸಂಚಾರದ ಲೆಕ್ಕವನ್ನೂ ಕೊಡುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಜೇಬಿನ ಫೋನ್. ಹಿಂದೆ ರಸ್ತೆಗೆ ಉಪಕರಣ ಕಟ್ಟಬೇಕಿತ್ತು. ಈಗ ರಸ್ತೆಯಲ್ಲಿ ಹೋಗುವವರೇ ಉಪಕರಣ ಹೊತ್ತು ಓಡಾಡುತ್ತಾರೆ. ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಬಳಿಯುವ ಸೇವೆಯನ್ನು ಗೂಗಲ್ 2007ರಲ್ಲಿ ತಂದಿತು, 2009ರಿಂದ ಬಳಕೆದಾರರ ಫೋನುಗಳ ವೇಗವನ್ನೂ ಅದಕ್ಕೆ ಸೇರಿಸಿತು. ಈ ಬಗೆಯ ದತ್ತಾಂಶ ಊರೆಲ್ಲ ಹರಡಿರುತ್ತದೆ, ಇಡೀ ವರ್ಷ ಸಿಗುತ್ತದೆ. ಕೊರತೆ ಒಂದೇ: ಅದು ವೇಗ ಹೇಳುತ್ತದೆ, ವಾಹನ ಎಷ್ಟು ಎಂದು ನೇರವಾಗಿ ಹೇಳುವುದಿಲ್ಲ. ಫೋನು ಕಾರಿನಲ್ಲಿದೆಯೋ ಕೈಗಾಡಿಯಲ್ಲಿದೆಯೋ ಎಂಬುದೂ ಅದಕ್ಕೆ ಸದಾ ಗೊತ್ತಿರುವುದಿಲ್ಲ. ಜರ್ಮನಿಯ ಕಲಾವಿದ ಸೈಮನ್ ವೆಕರ್ಟ್ ಪುಟ್ಟ ಕೆಂಪು ಎಳೆಗಾಡಿಯಲ್ಲಿ 99 ಫೋನುಗಳನ್ನು ತುಂಬಿಕೊಂಡು ಬರ್ಲಿನ್ನಿನ ಖಾಲಿ ಬೀದಿಗಳಲ್ಲಿ ನಿಧಾನವಾಗಿ ನಡೆದರು. ಅವರು ಹೋದಲ್ಲೆಲ್ಲ ನಕ್ಷೆಯ ಬೀದಿ ಕೆಂಪಾಯಿತು. 2020ರಲ್ಲಿ ಅವರು ಹಂಚಿಕೊಂಡ ಆ ವಿಡಿಯೊ, ಸಂಚಾರ ದತ್ತಾಂಶದ ಮೇಲೆ ಬಂದ ಟೀಕೆಗಳಲ್ಲಿ ಅತ್ಯಂತ ಚಿಕ್ಕದೂ ಹರಿತವಾದದ್ದೂ ಇರಬಹುದು.

ಸಿಗ್ನಲ್ಲಿನ ಗಣಿತ

ದತ್ತಾಂಶ ನೇರವಾಗಿ ಫಲ ಕೊಡುವುದು ಸಿಗ್ನಲ್ಲಿನಲ್ಲಿ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಇಂದಿಗೂ ಎಂಜಿನಿಯರಿಂಗ್ ತರಗತಿಗಳ ಮೊದಲ ಪಾಠ. ಕೆಂಪಿನಿಂದ ಕೆಂಪಿನವರೆಗಿನ ಒಂದು ಪೂರ್ಣ ಸುತ್ತು ಎಷ್ಟು ಸೆಕೆಂಡ್ ಇದ್ದರೆ ಒಟ್ಟು ಕಾಯುವಿಕೆ ಕಡಿಮೆ ಎಂಬುದನ್ನು ಅದು ಹೇಳುತ್ತದೆ. ಅದಕ್ಕೆ ಎರಡು ಸಂಖ್ಯೆ ಬೇಕು. ಒಂದು, ಸುತ್ತಿನಲ್ಲಿ ವ್ಯರ್ಥವಾಗುವ ಸಮಯ: ಹಸಿರು ಬಿದ್ದ ಮೇಲೆ ಗಾಡಿ ಹೊರಡಲು, ಹಳದಿಯಲ್ಲಿ ಜಂಕ್ಷನ್ ಖಾಲಿಯಾಗಲು ಹೋಗುವ ಸೆಕೆಂಡುಗಳು. ಇನ್ನೊಂದು, ಬೇಡಿಕೆಯ ಅನುಪಾತ: ಪ್ರತಿ ಸರದಿಯಲ್ಲಿ ಬರುವ ವಾಹನ, ಆ ತೋಳು ಪೂರ್ತಿ ಹಸಿರಿನಲ್ಲಿ ದಾಟಿಸಬಲ್ಲ ವಾಹನದ ಎಷ್ಟು ಭಾಗ ಎಂದು ನೋಡಿ, ಎಲ್ಲ ಸರದಿಗಳದ್ದನ್ನೂ ಕೂಡಿಸಿದ್ದು. ವ್ಯರ್ಥ ಸಮಯದ ಒಂದೂವರೆ ಪಟ್ಟಿಗೆ 5 ಸೇರಿಸಿ, ಅದನ್ನು ಒಂದರಿಂದ ಬೇಡಿಕೆಯ ಅನುಪಾತ ಕಳೆದು ಉಳಿದದ್ದರಿಂದ ಭಾಗಿಸಿದರೆ ಸುತ್ತಿನ ಅವಧಿ ಸಿಗುತ್ತದೆ.

ನಾಲ್ಕು ಸರದಿಯ ಜಂಕ್ಷನ್ ತೆಗೆದುಕೊಳ್ಳೋಣ. ಸರದಿಗೆ 4 ಸೆಕೆಂಡಿನಂತೆ 16 ಸೆಕೆಂಡ್ ವ್ಯರ್ಥ. ಬೇಡಿಕೆ 0.7 ಇದ್ದಾಗ ಸುತ್ತು ಸುಮಾರು 97 ಸೆಕೆಂಡ್. ಬೇಡಿಕೆ 0.8ಕ್ಕೆ ಏರಿದರೆ 145 ಸೆಕೆಂಡ್. 0.9 ಆದರೆ 290 ಸೆಕೆಂಡ್, ಹತ್ತಿರಹತ್ತಿರ ಐದು ನಿಮಿಷ. ಒಂದನ್ನು ಮುಟ್ಟಿದರೆ ಸೂತ್ರದ ಕೆಳಭಾಗ ಸೊನ್ನೆಯಾಗಿ ಉತ್ತರವೇ ಇಲ್ಲ. ಬೇಡಿಕೆ ಒಂದನ್ನು ಮೀರಿದ ಮೇಲೆ ಜಗತ್ತಿನ ಯಾವ ತಂತ್ರಾಂಶವೂ ಆ ಜಂಕ್ಷನ್ನಿನ ಸಾಲನ್ನು ಕರಗಿಸಲಾರದು. ಸಾಲು ಯಾವ ರಸ್ತೆಯಲ್ಲಿ ಬೆಳೆಯಬೇಕು ಎಂಬುದನ್ನಷ್ಟೇ ಆರಿಸಬಹುದು. ಜಾಣ ಸಿಗ್ನಲ್ ಬಂದರೆ ದಟ್ಟಣೆಯೇ ಮಾಯ ಎನ್ನುವ ಪ್ರಕಟಣೆಗಳನ್ನು ಓದುವಾಗ ಈ ಭಾಗಾಕಾರ ನೆನಪಿನಲ್ಲಿದ್ದರೆ ಒಳ್ಳೆಯದು. ಬೇಡಿಕೆ 0.9ಕ್ಕಿಂತ ಕೆಳಗಿದ್ದೂ ಜನ ಎರಡೆರಡು ಸುತ್ತು ಕಾಯುತ್ತಿರುವ ಜಂಕ್ಷನ್‌ಗಳು ಎಲ್ಲ ಊರಿನಲ್ಲೂ ಇವೆ. ದತ್ತಾಂಶ ಪವಾಡ ಮಾಡುವುದು ಅಂಥ ಕಡೆ.

ಒಂಟಿ ಜಂಕ್ಷನ್ನಿನ ಮುಂದಿನ ಹೆಜ್ಜೆ, ಸಾಲು ಜಂಕ್ಷನ್‌ಗಳನ್ನು ಜೋಡಿಸುವುದು. ಒಂದು ಕಡೆ ಹಸಿರಿನಲ್ಲಿ ಹೊರಟ ಗುಂಪು ಮುಂದಿನದನ್ನು ತಲುಪುವ ಹೊತ್ತಿಗೆ ಅಲ್ಲೂ ಹಸಿರು ಇರಬೇಕು. ಕೆನಡಾದ ಟೊರೊಂಟೊ 1960ರ ದಶಕದ ಮೊದಲಲ್ಲೇ ಸಿಗ್ನಲ್‌ಗಳನ್ನು ಕಂಪ್ಯೂಟರಿಗೆ ಒಪ್ಪಿಸಿತು. 1970ರ ದಶಕದಲ್ಲಿ ಸಿಡ್ನಿಯಲ್ಲಿ ಸ್ಕ್ಯಾಟ್ಸ್, ಬ್ರಿಟನ್ನಿನಲ್ಲಿ ಸ್ಕೂಟ್ ಎಂಬ ವ್ಯವಸ್ಥೆಗಳು ರೂಪುಗೊಂಡವು. ನಿನ್ನೆಯ ಎಣಿಕೆಯಿಂದ ಮಾಡಿಟ್ಟ ವೇಳಾಪಟ್ಟಿಯನ್ನು ಬಿಟ್ಟು, ಈಗ ಬರುತ್ತಿರುವ ವಾಹನಗಳನ್ನು ನೋಡಿ ಹಸಿರನ್ನು ಕೆಲವು ಸೆಕೆಂಡಿನಷ್ಟು ಹಿಗ್ಗಿಸುವ, ಕುಗ್ಗಿಸುವ ವ್ಯವಸ್ಥೆಗಳಿವು. ಭಾರತದ ಮಿಶ್ರ ಸಂಚಾರಕ್ಕೆ ಇವು ಹಾಗೆಯೇ ಒಗ್ಗುವುದಿಲ್ಲ ಎಂದು ತಿರುವನಂತಪುರದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 'ಕೋಸಿಕಾಸ್ಟ್' ಎಂಬ ದೇಶೀ ತಂತ್ರಾಂಶ ಬೆಳೆಸಿತು.

ಬೆಂಗಳೂರು

ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಅವುಗಳಲ್ಲಿ ಸುಮಾರು ಮೂರನೇ ಎರಡು ಪಾಲು ದ್ವಿಚಕ್ರ. ಸಿಲ್ಕ್ ಬೋರ್ಡ್, ಹೆಬ್ಬಾಳ, ಟಿನ್ ಫ್ಯಾಕ್ಟರಿ ಎಂಬ ಹೆಸರುಗಳು ಊರಿನ ಆಡುಮಾತಿನಲ್ಲಿ ಸ್ಥಳಗಳಿಗಿಂತ ಹೆಚ್ಚಾಗಿ ಕಾಯುವಿಕೆಯ ಅಳತೆಗಳಾಗಿವೆ. ನಗರ ಸಂಚಾರ ಪೊಲೀಸರ ಬಿ-ಟ್ರ್ಯಾಕ್ ಯೋಜನೆಯ ಕಾಲದಿಂದಲೂ ಕ್ಯಾಮರಾ, ನಿಯಂತ್ರಣ ಕೊಠಡಿ, ಜೋಡಿಸಿದ ಸಿಗ್ನಲ್‌ಗಳ ಪ್ರಯತ್ನ ನಡೆದಿದೆ. ಈಚೆಗೆ 165 ಜಂಕ್ಷನ್‌ಗಳನ್ನು ಹೊಂದಾಣಿಕೆಯ ಸಿಗ್ನಲ್ ವ್ಯವಸ್ಥೆಗೆ ತರುವ ಕೆಲಸ ಸಿ-ಡ್ಯಾಕ್‌ನ ತಂತ್ರಾಂಶದೊಂದಿಗೆ ಆರಂಭವಾಯಿತು. ನಗರದ ನಡುಭಾಗದ ಕೆಲವು ಜಂಕ್ಷನ್‌ಗಳಿಗೆ ಜಪಾನಿನ ಅಭಿವೃದ್ಧಿ ಸಂಸ್ಥೆ ಜೈಕಾದ ನೆರವಿನಲ್ಲಿ 'ಮೊಡೆರಾಟೊ' ಎಂಬ ವ್ಯವಸ್ಥೆ ಬಂದಿದೆ. ಗೂಗಲ್ ತನ್ನ ನಕ್ಷೆಯ ದತ್ತಾಂಶದಿಂದ ಸಿಗ್ನಲ್ ಸಮಯದ ಸಣ್ಣಪುಟ್ಟ ತಿದ್ದುಪಡಿಗಳನ್ನು ಸೂಚಿಸುವ 'ಗ್ರೀನ್ ಲೈಟ್' ಯೋಜನೆಯನ್ನು 2023ರಲ್ಲಿ ಪ್ರಕಟಿಸಿದಾಗ ಆ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಹೈದರಾಬಾದ್, ಕೋಲ್ಕತ್ತಾ ಮೂರೂ ಇದ್ದವು. ಅದಕ್ಕೆ ಹೊಸ ಕಂಬ, ಹೊಸ ಪೆಟ್ಟಿಗೆ ಬೇಕಿಲ್ಲ. ಇರುವ ಸಿಗ್ನಲ್ಲಿನಲ್ಲೇ ಕೆಲವು ಸೆಕೆಂಡು ಆಚೀಚೆ ಮಾಡಿದರೆ ಆಯಿತು.

ಹೊಂದಾಣಿಕೆಯ ಸಿಗ್ನಲ್ ಬಂದಲ್ಲಿ ಇಳಿಎಣಿಕೆಯ ಟೈಮರ್‌ಗೆ ಕುತ್ತು ಬರುತ್ತದೆ. ಹಸಿರು ಎಷ್ಟು ಹೊತ್ತು ಎಂದು ಯಂತ್ರವೇ ಆ ಕ್ಷಣದವರೆಗೂ ನಿರ್ಧರಿಸಿರುವುದಿಲ್ಲ, ಹಾಗಿರುವಾಗ 60, 59, 58 ಎಂದು ಮೊದಲೇ ತೋರಿಸುವುದು ಹೇಗೆ? ಟೈಮರ್ ನೋಡಿ ಎಂಜಿನ್ ಆರಿಸುವ ಅಭ್ಯಾಸವಾದವರಿಗೆ ಇದು ಕಿರಿಕಿರಿ. ಇನ್ನೊಂದು ತೊಡಕು ಜಂಕ್ಷನ್ನಿನಲ್ಲಿ ನಿಂತ ಪೇದೆಯದು. ಸಾಲು ಉದ್ದವಾದಂತೆ ಅವರು ಯಂತ್ರವನ್ನು ಬದಿಗಿಟ್ಟು ಕೈಯಿಂದಲೇ ಸಿಗ್ನಲ್ ಬದಲಾಯಿಸುತ್ತಾರೆ. ತಮ್ಮ ಕಣ್ಣಿಗೆ ಕಾಣುವ ಸಾಲಿನ ಮಟ್ಟಿಗೆ ಅವರ ತೀರ್ಮಾನ ಬಹಳ ಸಲ ಸರಿ, ಆದರೆ ಮುಂದಿನ ಜಂಕ್ಷನ್ನಿನ ಹಸಿರಿಗೆ ಕಟ್ಟಿದ ದಾರ ಅಲ್ಲಿಗೆ ಹರಿಯುತ್ತದೆ.

ಸಿಗ್ನಲ್ಲಿನಷ್ಟು ಹೆಸರು ಮಾಡದ, ಆದರೆ ಅದಕ್ಕಿಂತ ಲಾಭದ ಕೆಲಸ ಅಡಚಣೆ ತೆರವು. ಮೂರು ಪಥದ ರಸ್ತೆಯಲ್ಲಿ ಒಂದು ಪಥ ಮುಚ್ಚಿದರೆ ಮೂರನೇ ಎರಡು ಪಾಲು ಸಾಮರ್ಥ್ಯ ಉಳಿದೀತು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ ಪ್ರಕಾರ ಅಪಘಾತದಿಂದ ಹಾಗಾದಾಗ ಉಳಿಯುವುದು ಶೇ 49 ಮಾತ್ರ, ಏಕೆಂದರೆ ಪಕ್ಕದ ಪಥದವರೂ ನಿಧಾನಿಸಿ ಒಳಸೇರಬೇಕು, ನಿಧಾನಿಸಿ ನೋಡಲೂ ಬೇಕು. ಮೇಲ್ಸೇತುವೆಯ ಮೇಲೆ ಗೇರ್ ಕಚ್ಚಿಕೊಂಡ ಒಂದು ಬಸ್ಸು ಹತ್ತು ನಿಮಿಷ ಹೆಚ್ಚು ನಿಂತರೆ ಬಾಲ ಎಷ್ಟು ಉದ್ದ ಬೆಳೆಯುತ್ತದೆ ಎಂಬುದು ಊರಿಗೇ ಗೊತ್ತು. ಬೆಂಗಳೂರು ಸಂಚಾರ ಪೊಲೀಸರು 2024ರಲ್ಲಿ ತಂದ 'ಅಸ್ತ್ರಂ' ವ್ಯವಸ್ಥೆಯ ಮುಖ್ಯ ಉದ್ದೇಶಗಳಲ್ಲಿ ಇದೂ ಒಂದು: ಕೆಟ್ಟುನಿಂತ ವಾಹನ, ನೀರು ನಿಂತ ಜಾಗ, ಮುರಿದುಬಿದ್ದ ಮರ ಇವುಗಳ ಸುದ್ದಿ ಕೂಡಲೇ ಒಂದೆಡೆ ಸೇರಬೇಕು, ದಟ್ಟಣೆ ಎಲ್ಲಿ ಅಸಹಜವಾಗಿ ಏರುತ್ತಿದೆ ಎಂಬ ಎಚ್ಚರಿಕೆ ಬರಬೇಕು.

ನಗರಗಳ ಶ್ರೇಯಾಂಕದ ಬಗ್ಗೆ ಒಂದು ಮಾತು. ಟಾಮ್‌ಟಾಮ್ ಸಂಸ್ಥೆಯ 2022ರ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ದಾಟಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು; ಜಗತ್ತಿನಲ್ಲಿ ಎರಡನೆಯ ಸ್ಥಾನ. ಪತ್ರಿಕೆಗಳಲ್ಲಿ ವಾರಗಟ್ಟಲೆ ಅದೇ ಚರ್ಚೆ. ಮೊದಲ ಸ್ಥಾನದಲ್ಲಿ ಇದ್ದದ್ದು 36 ನಿಮಿಷ 20 ಸೆಕೆಂಡಿನ ಲಂಡನ್ ಎಂಬುದನ್ನು ಯಾರೂ ಹೆಚ್ಚು ಎತ್ತಿ ಆಡಲಿಲ್ಲ. ಲಂಡನ್ನಿನ ನಡುಭಾಗದಲ್ಲಿ ವೇಗದ ಮಿತಿಯೇ ಕಡಿಮೆ, ಅಲ್ಲಿಗೆ ಬರುವವರಲ್ಲಿ ಬಹುಪಾಲು ಜನ ರೈಲಿನಲ್ಲಿ, ಬಸ್ಸಿನಲ್ಲಿ ಬರುತ್ತಾರೆ. ಸೂಚ್ಯಂಕ ಅಳೆಯುವುದು ಕಾರಿನವರ ನಿಮಿಷಗಳನ್ನು, ಊರಿನವರ ನಿಮಿಷಗಳನ್ನಲ್ಲ.

ಮೀಟರ್ ಆರಿಸಿದ ರಾಜ್ಯ

ದತ್ತಾಂಶ ಆಧರಿಸಿದ ನಿಯಂತ್ರಣದಿಂದ ನಿಜಕ್ಕೂ ಉಪಯೋಗ ಇದೆಯೇ ಎಂಬ ಪ್ರಶ್ನೆಗೆ ಅಮೆರಿಕದ ಮಿನೆಸೋಟ ರಾಜ್ಯ ತನಗರಿವಿಲ್ಲದೆ ಉತ್ತರ ಒದಗಿಸಿತು. ಅಲ್ಲಿನ ಅವಳಿ ನಗರಗಳ ಹೆದ್ದಾರಿಗೆ ಸೇರುವ ಏರುದಾರಿಗಳಲ್ಲಿ 'ಮೀಟರ್' ಎಂದು ಕರೆಯುವ ನಾಲ್ಕು ನೂರಕ್ಕೂ ಹೆಚ್ಚು ಪುಟ್ಟ ಸಿಗ್ನಲ್‌ಗಳಿದ್ದವು. ಹೆದ್ದಾರಿಯ ಸಾಂದ್ರತೆ ಗರಿಷ್ಠ ಹರಿವಿನ ಮಟ್ಟ ಮೀರದಂತೆ ಇವು ಒಂದೊಂದೇ ಕಾರನ್ನು ಒಳಬಿಡುತ್ತಿದ್ದವು. ಏರುದಾರಿಯಲ್ಲಿ ಕಾದು ಬೇಸತ್ತ ಜನ ಗೊಣಗಿದರು; ಶಾಸಕರು ಇವನ್ನು ಆರಿಸಿ ನೋಡಿ ಎಂದು ಪಟ್ಟು ಹಿಡಿದರು. 2000ದ ಶರತ್ಕಾಲದಲ್ಲಿ ಕೆಲವು ವಾರ ಎಲ್ಲವನ್ನೂ ಆರಿಸಲಾಯಿತು. ಹೆದ್ದಾರಿಯ ಹರಿವು ಶೇ 9 ಇಳಿಯಿತು, ಪ್ರಯಾಣದ ಸಮಯ ಶೇ 22 ಏರಿತು, ಅಪಘಾತ ಶೇ 26 ಹೆಚ್ಚಿದವು. ಆಮೇಲೆ ಮೀಟರ್‌ಗಳು ಮರಳಿ ಬಂದವು, ಆದರೆ ಏರುದಾರಿಯಲ್ಲಿ ಕಾಯಿಸುವುದಕ್ಕೂ ಒಂದು ಮಿತಿ ಹಾಕಲಾಯಿತು. ಗೊಣಗಿದವರ ಮಾತಿನಲ್ಲೂ ಹುರುಳಿತ್ತು ಎಂದಾಯಿತು: ಹಳೆಯ ವ್ಯವಸ್ಥೆ ಹೆದ್ದಾರಿಯ ನಿಮಿಷಗಳನ್ನು ಎಣಿಸುತ್ತಿತ್ತು, ಏರುದಾರಿಯಲ್ಲಿ ನಿಂತವರ ನಿಮಿಷಗಳನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ದಾರಿ ತೋರಿಸುವುದರ ಕಷ್ಟ

ಎಲ್ಲರಿಗೂ ದತ್ತಾಂಶ ಕೊಟ್ಟರೆ ಎಲ್ಲರೂ ಬೇಗ ತಲುಪುತ್ತಾರೆ ಎಂಬುದು ಸಹಜ ನಿರೀಕ್ಷೆ. ಬ್ರಿಟನ್ನಿನ ಜಾನ್ ವಾರ್‌ಡ್ರಾಪ್ 1952ರಲ್ಲೇ ಇದನ್ನು ಎರಡಾಗಿ ಸೀಳಿ ನೋಡಿದ್ದರು. ಪ್ರತಿಯೊಬ್ಬನೂ ತನಗೆ ಬೇಗ ಅನಿಸಿದ ದಾರಿ ಹಿಡಿಯುತ್ತ ಹೋದರೆ ಕೊನೆಗೆ ಬಳಕೆಯಲ್ಲಿರುವ ಎಲ್ಲ ದಾರಿಗಳೂ ಸಮನಾಗಿ ತಡವಾಗುವ ಒಂದು ಸ್ಥಿತಿ ಬರುತ್ತದೆ. ಇಡೀ ಊರಿನ ಒಟ್ಟು ಸಮಯ ಕನಿಷ್ಠವಾಗುವ ಸ್ಥಿತಿ ಬೇರೆ. ಎರಡೂ ಒಂದೇ ಆಗಬೇಕಿಲ್ಲ.

ಜರ್ಮನಿಯ ಡೀಟ್ರಿಚ್ ಬ್ರೇಸ್ 1968ರಲ್ಲಿ ಇದನ್ನು ಇನ್ನೂ ಚುರುಕಾಗಿ ತೋರಿಸಿದರು. ಅವರ ಮಾತನ್ನು ಪಠ್ಯಪುಸ್ತಕಗಳು ಹೀಗೊಂದು ಉದಾಹರಣೆಯಿಂದ ವಿವರಿಸುತ್ತವೆ: 4,000 ಕಾರುಗಳು ಒಂದು ಊರಿನಿಂದ ಇನ್ನೊಂದಕ್ಕೆ ಹೋಗಬೇಕು. ಎರಡು ದಾರಿಗಳಿವೆ. ಪ್ರತಿಯೊಂದರಲ್ಲೂ ಒಂದು ಅಗಲವಾದ ತುಂಡು, ಎಷ್ಟೇ ಗಾಡಿ ಬಂದರೂ 45 ನಿಮಿಷ; ಒಂದು ಕಿರಿದಾದ ತುಂಡು, ನೂರು ಕಾರಿಗೆ ಒಂದು ನಿಮಿಷದಂತೆ ಸಮಯ ಬೆಳೆಯುತ್ತದೆ. ಒಂದು ದಾರಿಯಲ್ಲಿ ಕಿರಿದು ಮೊದಲು, ಇನ್ನೊಂದರಲ್ಲಿ ಅಗಲ ಮೊದಲು. ಕಾರುಗಳು ಅರ್ಧರ್ಧ ಹಂಚಿಕೊಂಡು 20 ಮತ್ತು 45 ಸೇರಿ 65 ನಿಮಿಷದಲ್ಲಿ ತಲುಪುತ್ತವೆ. ಈಗ ಉಪಕಾರ ಮಾಡಲೆಂದು ಎರಡು ದಾರಿಗಳ ನಡುವೆ ಸಮಯವೇ ಹಿಡಿಯದ ಒಂದು ಅಡ್ಡ ಸೇತುವೆ ಕಟ್ಟಿದೆವು ಎನ್ನಿ. ಎಲ್ಲರೂ ಎರಡೂ ಕಿರಿದಾದ ತುಂಡುಗಳಿಗೆ ನುಗ್ಗುತ್ತಾರೆ: 40 ಮತ್ತು 40, ಒಟ್ಟು 80 ನಿಮಿಷ. ಒಬ್ಬನೇ ಹಳೆಯ ದಾರಿಗೆ ಮರಳಿದರೆ ಅವನಿಗೆ 85. ಆದ್ದರಿಂದ ಯಾರೂ ಮರಳುವುದಿಲ್ಲ, ಎಲ್ಲರಿಗೂ 15 ನಿಮಿಷ ನಷ್ಟ. ಹೊಸ ಸೇತುವೆ, ಹೊಸ ಜಾಮ್.

ದಾರಿ ತೋರಿಸುವ ಆ್ಯಪ್‌ಗಳು ಕಾಗದದ ಮೇಲಿನ ಈ ಲೆಕ್ಕವನ್ನು ಬೀದಿಗೆ ತಂದವು. ನ್ಯೂಯಾರ್ಕಿನ ಸೇತುವೆಗೆ ಹತ್ತಿರದ ಲಿಯೋನಿಯಾ ಎಂಬ ಪುಟ್ಟ ಊರು ಆ್ಯಪ್ ನೋಡಿಕೊಂಡು ನುಗ್ಗುವ ಹೊರಗಿನ ಕಾರುಗಳಿಗೆ ರೋಸಿ, 2018ರ ಜನವರಿಯಿಂದ ದಟ್ಟಣೆಯ ಹೊತ್ತಿನಲ್ಲಿ ಸುಮಾರು 60 ಒಳಬೀದಿಗಳನ್ನು ಊರಿನವರಿಗಷ್ಟೇ ಮೀಸಲಿಟ್ಟಿತು. ಬೆಂಗಳೂರಿನ ಬಡಾವಣೆಗಳಲ್ಲಿ ಇದಕ್ಕೆ ಕಾನೂನಿನ ರೂಪ ಸಿಕ್ಕಿಲ್ಲ. ಹಂಪು, ಗೇಟು, ಅಡ್ಡ ಇಟ್ಟ ಹೂಕುಂಡಗಳ ರೂಪ ಸಿಕ್ಕಿದೆ. ಮಕ್ಕಳು ಕ್ರಿಕೆಟ್ ಆಡುತ್ತಿದ್ದ ಕ್ರಾಸ್ ರಸ್ತೆ ನಕ್ಷೆಯಲ್ಲಿ 'ಮೂರು ನಿಮಿಷ ಉಳಿತಾಯ' ಎಂದು ಕಂಡರೆ ಅಲ್ಲಿಗೆ ಆಟ ಮುಗಿಯಿತು. ಅಲ್ಲಿ ನಷ್ಟವಾದದ್ದು ಯಾರ ದತ್ತಾಂಶದಲ್ಲೂ ಬೀಳುವುದಿಲ್ಲ.

ಬೆಲೆ ಕಟ್ಟುವುದು

ಬೇಡಿಕೆಯೇ ರಸ್ತೆಯ ಸಾಮರ್ಥ್ಯ ಮೀರಿದಾಗ ಉಳಿಯುವುದು ಬೇಡಿಕೆಯನ್ನು ಇಳಿಸುವ ದಾರಿ. ರಸ್ತೆ ಅಗಲಿಸುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಜಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ಮಹಾನಗರಗಳ ದತ್ತಾಂಶದಿಂದ ತೋರಿಸಿದ್ದರು: ಹೆದ್ದಾರಿಯ ಪಥ ಎಷ್ಟು ಪಾಲು ಹೆಚ್ಚುತ್ತದೋ ವಾಹನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ.

ಸಿಂಗಪುರ 1975ರ ಜೂನ್‌ನಲ್ಲಿ ನಗರದ ನಡುಭಾಗಕ್ಕೆ ಬೆಳಗಿನ ಹೊತ್ತು ಬರುವ ಕಾರುಗಳಿಗೆ ದಿನಕ್ಕೆ 3 ಡಾಲರ್ ಚೀಟಿ ಕಡ್ಡಾಯ ಮಾಡಿತು. ಕಾರಿನಲ್ಲಿ ನಾಲ್ವರಿದ್ದರೆ ವಿನಾಯಿತಿ. 1998ರಲ್ಲಿ ಚೀಟಿಯ ಬದಲು ಕಮಾನುಗಳೂ ವಾಹನದೊಳಗಿನ ಪುಟ್ಟ ಉಪಕರಣವೂ ಬಂದವು. ಇಲ್ಲಿನ ಜಾಣತನ ದರ ನಿಗದಿಯಲ್ಲಿದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 45ರಿಂದ 65 ಕಿ.ಮೀ., ನಗರದ ಮುಖ್ಯ ರಸ್ತೆಗಳಲ್ಲಿ 20ರಿಂದ 30 ಕಿ.ಮೀ. ವೇಗ ಇರಬೇಕು ಎಂದು ಗುರಿ. ಅಳೆದ ವೇಗ ಅದಕ್ಕಿಂತ ಇಳಿದರೆ ಆ ಕಮಾನಿನ ಆ ಹೊತ್ತಿನ ದರ ಏರುತ್ತದೆ. ವೇಗ ಮೇಲಿನ ಮಿತಿ ದಾಟಿದರೆ ದರ ಇಳಿಯುತ್ತದೆ. ಹರಿವು ಏರಿ ಗರಿಷ್ಠ ಮುಟ್ಟಿ ಕುಸಿಯುವ ಆ ವಕ್ರರೇಖೆಯ ನೆತ್ತಿಯಲ್ಲಿ ರಸ್ತೆಯನ್ನು ಕೂರಿಸುವ ಪ್ರಯತ್ನ ಇದು. ಖಾಲಿ ಓಡುವ ರಸ್ತೆಯೂ ಇಲ್ಲಿ ಒಂದು ಬಗೆಯ ನಷ್ಟ ಎಂಬ ಮಾತು ಗಮನಿಸಬೇಕಾದ್ದು.

ಲಂಡನ್ 2003ರಲ್ಲಿ ದಿನಕ್ಕೆ 5 ಪೌಂಡಿನೊಂದಿಗೆ, ನ್ಯೂಯಾರ್ಕ್ 2025ರ ಜನವರಿಯಲ್ಲಿ 9 ಡಾಲರಿನೊಂದಿಗೆ ಈ ಸಾಲಿಗೆ ಸೇರಿದವು. ಹೆಚ್ಚು ಕಲಿಸಿದ್ದು ಸ್ಟಾಕ್‌ಹೋಮ್. ಅಲ್ಲಿ 2006ರ ಜನವರಿ 3ರಿಂದ ಜುಲೈ 31ರವರೆಗೆ ಪ್ರಯೋಗವೆಂದೇ ಘೋಷಿಸಿ ಶುಲ್ಕ ಹಾಕಿದರು. ಶುರುವಿಗೆ ಮುಂಚೆ ಬಹುಪಾಲು ಜನ ವಿರೋಧಿಸಿದ್ದರು. ಗಡಿ ದಾಟುವ ವಾಹನ ಶೇ 20ರಷ್ಟು ಇಳಿದವು, ಆಗಸ್ಟಿನಲ್ಲಿ ಶುಲ್ಕ ನಿಂತೊಡನೆ ಮತ್ತೆ ಏರಿದವು. ರಸ್ತೆ ಖಾಲಿಯಾದದ್ದನ್ನೂ ಮತ್ತೆ ತುಂಬಿದ್ದನ್ನೂ ಕಣ್ಣಾರೆ ಕಂಡ ನಗರವಾಸಿಗಳು ಸೆಪ್ಟೆಂಬರಿನ ಜನಮತದಲ್ಲಿ ಶುಲ್ಕದ ಪರ ಮತ ಹಾಕಿದರು. 2007ರ ಆಗಸ್ಟಿನಲ್ಲಿ ಅದು ಕಾಯಂ ಆಯಿತು. ಐದರಲ್ಲಿ ಒಂದು ವಾಹನ ಕಡಿಮೆಯಾದರೆ ಸಾಲು ಐದರಲ್ಲಿ ಒಂದು ಪಾಲಿಗಿಂತ ಎಷ್ಟೋ ಹೆಚ್ಚು ಕರಗುತ್ತದೆ ಎಂಬುದನ್ನು ವೆಬ್‌ಸ್ಟರ್ ಸೂತ್ರ ಕಂಡವರು ಊಹಿಸಬಲ್ಲರು. ಭಾರತದ ಯಾವ ನಗರವೂ ಇನ್ನೂ ಈ ಹೆಜ್ಜೆ ಇಟ್ಟಿಲ್ಲ. ಒಳ್ಳೆಯ ಬಸ್ಸು, ಮೆಟ್ರೊ ಸಾಕಷ್ಟಿಲ್ಲದೆ ಶುಲ್ಕ ಹಾಕಿದರೆ ಅದು ಬರೀ ತೆರಿಗೆಯಾಗುತ್ತದೆ ಎಂಬ ಆಕ್ಷೇಪದಲ್ಲಿ ತೂಕವಿದೆ.

ಎಣಿಕೆಗೆ ಬಾರದವರು

ಬಸ್ಸಿನ ಮಾತಿಗೆ ಬಂದರೆ, ನಮ್ಮ ಎಣಿಕೆಯ ಘಟಕವನ್ನೇ ನೋಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರ ರಸ್ತೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಪ್ರತಿ ವಾಹನವನ್ನೂ ಕಾರಿಗೆ ಹೋಲಿಸಿ ಅಂಕ ಕೊಡಲಾಗಿದೆ. ಇದಕ್ಕೆ ಪಿಸಿಯು ಎನ್ನುತ್ತಾರೆ. ಕಾರು 1. ದ್ವಿಚಕ್ರ 0.5 ಅಥವಾ 0.75, ಆಟೊ 1.2 ಅಥವಾ 2, ಬಸ್ಸು 2.2 ಅಥವಾ 3.7, ಸಂಚಾರದಲ್ಲಿ ಆ ಬಗೆಯ ವಾಹನದ ಪಾಲು ಎಷ್ಟು ಎಂಬುದರ ಮೇಲೆ ಎರಡರಲ್ಲಿ ಒಂದು. ಈ ಲೆಕ್ಕದಲ್ಲಿ, ದೊಡ್ಡ ಅಂಕವನ್ನೇ ಹಿಡಿದರೆ, 60 ಜನರನ್ನು ಹೊತ್ತ ಬಸ್ಸು ರಸ್ತೆಗೆ ಸುಮಾರು ಮೂರುಮುಕ್ಕಾಲು ಕಾರಿನಷ್ಟು ಹೊರೆ. ಅದೇ ಹಾಳೆಗೆ ಇನ್ನೊಂದು ಕಂಬಸಾಲು ಸೇರಿಸಿ ಒಳಗೆ ಕೂತವರನ್ನೂ ಬರೆದರೆ ಚಿತ್ರ ತಿರುಗುತ್ತದೆ: ಬಸ್ಸಿನಲ್ಲಿ ಒಂದು ಪಿಸಿಯುಗೆ 16 ಜನ, ಒಬ್ಬರೋ ಇಬ್ಬರೋ ಕೂತ ಕಾರಿನಲ್ಲಿ ಒಂದೂವರೆ.

ಈ ಎರಡನೆಯ ಲೆಕ್ಕವನ್ನು ಒಪ್ಪಿದಾಗ ಬಸ್ಸಿನ ಪಥ ಹುಟ್ಟುತ್ತದೆ. ಹುಬ್ಬಳ್ಳಿ–ಧಾರವಾಡದ 'ಚಿಗರಿ' ಬಸ್ಸುಗಳು 2018ರಿಂದ ಸುಮಾರು 22 ಕಿ.ಮೀ. ಉದ್ದದ ಪ್ರತ್ಯೇಕ ಪಥದಲ್ಲಿ ಓಡಿದವು. ಕಾರಿನವರ ಪಾಲಿಗೆ ರಸ್ತೆ ಕಿರಿದಾಯಿತು ಎಂಬ ದೂರು ಅಲ್ಲಿ ಮೊದಲಿನಿಂದಲೂ ಇದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿ ಕಡೆಗೆ 2019ರ ಕೊನೆಯಲ್ಲಿ ಬಸ್ ಆದ್ಯತಾ ಪಥ ಬಂತು, ಗೂಟಗಳನ್ನು ನೆಟ್ಟರು. ಮೆಟ್ರೊ ಕಾಮಗಾರಿಯ ಕಾಲಕ್ಕೆ ಅದು ಕರಗಿಹೋಯಿತು. ಬಸ್ ಎಲ್ಲಿದೆ ಎಂದು ತಿಳಿಸುವ ವಿಷಯದಲ್ಲಿ ಮೈಸೂರು ಮುಂದಿತ್ತು. ಅಲ್ಲಿನ ನಗರ ಬಸ್ಸುಗಳಿಗೆ 2012ರಲ್ಲೇ ಜಿಪಿಎಸ್ ಹಾಕಿ, ತಂಗುದಾಣದ ಫಲಕದಲ್ಲಿ ಮುಂದಿನ ಬಸ್ಸಿನ ಸಮಯ ತೋರಿಸುವ ವ್ಯವಸ್ಥೆ ಆರಂಭವಾಗಿತ್ತು.

ಓಡಾಟದ ಜಾಡು ಹಿಡಿಯುವುದರಲ್ಲಿ ಖಾಸಗಿತನದ ಪ್ರಶ್ನೆಯೂ ಇದೆ. ಈವ್-ಅಲೆಕ್ಸಾಂಡರ್ ಡಿ ಮಾಂಟ್ಜೊಯ್ ಮತ್ತು ಸಂಗಡಿಗರು 2013ರಲ್ಲಿ 15 ಲಕ್ಷ ಜನರ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ, ಹೆಸರು ಅಳಿಸಿದ್ದರೂ ಎಲ್ಲಿ, ಯಾವಾಗ ಎಂಬ ನಾಲ್ಕು ಗುರುತು ಸಿಕ್ಕರೆ ಶೇ 95 ಮಂದಿಯ ಜಾಡನ್ನು ಉಳಿದವರಿಂದ ಬೇರ್ಪಡಿಸಬಹುದು ಎಂದು ಕಂಡುಕೊಂಡರು. ಮನೆ, ಕಚೇರಿ, ಮಗುವಿನ ಶಾಲೆ, ಭಾನುವಾರದ ದೇವಸ್ಥಾನ ಎಂದರೆ ಆಗಲೇ ನಾಲ್ಕಾಯಿತು.

ಇಷ್ಟೆಲ್ಲ ಕಣ್ಣುಗಳಿದ್ದೂ ಹೊರಗೆ ಉಳಿಯುವವರು ನಡೆಯುವವರು. ಅವರ ಫೋನಿನ ವೇಗ ದಟ್ಟಣೆಯ ನಕ್ಷೆಯ ಲೆಕ್ಕದಿಂದ ಸೋಸಿಹೋಗುತ್ತದೆ, ಪಿಸಿಯು ಪಟ್ಟಿಯಲ್ಲಿ ಅವರಿಗೆ ಅಂಕವಿಲ್ಲ. ಅವರನ್ನು ಎಣಿಸಲು ನಮ್ಮಲ್ಲಿ ಒಂದು ಸೂತ್ರ ಉಂಟು. ದಟ್ಟಣೆಯ ಗಂಟೆಯಲ್ಲಿ ರಸ್ತೆ ದಾಟುವವರ ಸಂಖ್ಯೆಯನ್ನು ವಾಹನ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ಗುಣಲಬ್ಧ ವಿಭಜಕ ಇಲ್ಲದ ರಸ್ತೆಯಲ್ಲಿ 10 ಕೋಟಿ, ವಿಭಜಕ ಇರುವಲ್ಲಿ 20 ಕೋಟಿ ದಾಟಿದರೆ ಅಲ್ಲಿ ದಾಟುವ ಸೌಲಭ್ಯ ಕೊಡಬಹುದು ಎಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ. ಗಂಟೆಗೆ 2,000 ವಾಹನ ಓಡುವ, ನಡುವೆ ವಿಭಜಕ ಇರುವ ರಸ್ತೆಯಲ್ಲಿ ಗಂಟೆಗೆ 50 ಜನ ದಾಟಿದರೆ ಸಾಕು. ಎಣಿಸುವವನು ರಟ್ಟು ಹಿಡಿದು ಅಲ್ಲಿ ಕೂರುತ್ತಾನೆ. ಮೊಣಕಾಲೆತ್ತರದ ವಿಭಜಕ ಹತ್ತಲಾರದ ಮುದುಕಿ ಕೈಚೀಲ ಹಿಡಿದು ಅಂಚಿನಲ್ಲಿ ಐದು ನಿಮಿಷ ನಿಂತು ನೋಡುತ್ತಾಳೆ, ಆಮೇಲೆ ಆಟೊ ಹತ್ತಿ ಅರ್ಧ ಕಿಲೋಮೀಟರ್ ಮುಂದಿನ ಯು-ತಿರುವಿಗೆ ಹೋಗಿ ಎದುರು ಬದಿಗೆ ಬರುತ್ತಾಳೆ. ದಾಟುವವರ ಸಾಲಿನಲ್ಲಿ ಅವಳ ಗೀಟು ಬೀಳುವುದಿಲ್ಲ. ಆಟೊದ ಸಾಲಿನಲ್ಲಿ ಒಂದು ಬೀಳುತ್ತದೆ.